ಕರಡಿಯ ಹಳೇ ಬಣ್ಣ

ಫ್ಲೋರಿಡಾದ ಆ ಮನರಂಜನಾ ಪಾರ್ಕಿನ ಉಡುಗೊರೆ ಅಂಗಡಿಯ ರೂಪ ಬದಲಾಗುತ್ತದೆಂಬ ಸುದ್ದಿ ಬಂದದ್ದೇ ತಡ, ವರ್ಷದ ಪಾಸು ಕೊಂಡು ಬರುತ್ತಿದ್ದ ಅಭಿಮಾನಿಗಳು ಅಂಗಡಿ ಎದುರಿನ ಬೆಂಚಿನಲ್ಲಿ ಕೂತು ದಿನವೂ ಕೂಗಾಡತೊಡಗಿದರು. ಅವರಲ್ಲಿ ಡೋರೀನಳದೇ ದೊಡ್ಡ ಗಂಟಲು.

"ಬಾಗಿಲ ಹತ್ರದ ಮರದ ಕರಡೀನೂ ಎತ್ತಿ ಬಿಸಾಕ್ತಾರಂತೆ," ಎಂದ ವೆಂಡೆಲ್, ಕೊರಳ ಪಟ್ಟಿಗೆ ಚುಚ್ಚಿಕೊಂಡಿದ್ದ ಪಾರ್ಕಿನ ಬಿಲ್ಲೆಗಳು ಝಣಗುಟ್ಟುವಂತೆ ಎದ್ದು.

"ಅವರಪ್ಪನ ಮನೆ ಕರಡಿಯೇನೋ? ಮೊದಲ ದಿನ ಹೆಂಗಿತ್ತೋ ಹಂಗೇ ಇರ್ಬೇಕು ಅಂತ ಮನವಿ ಬರಿ. ಮೊದಲ ಸಹಿ ನಂದೇ!" ಎಂದು ಡೋರೀನ್ ಗುಡುಗಿದಳು.

ಅಭಿಮಾನಿಗಳಿಗೆ ಬಾಯಿ ಮೊದಲು, ಬುದ್ಧಿ ಆಮೇಲೆ.

ಮಗಳು ಟೆಸ್ಸಾಳ ಪ್ರತಿ ಹುಟ್ಟುಹಬ್ಬಕ್ಕೂ ಡೋರೀನ್ ಅವಳನ್ನು ಆ ಕರಡಿಯ ಬೆನ್ನಿಗೆ ಆನಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದಳು. ಒಂಬತ್ತನೆಯ ಗೆರೆ ಎಳೆದ ವರ್ಷವೇ ಮಗು ಜ್ವರದಲ್ಲಿ ತೀರಿಕೊಂಡಿತು. ಆಮೇಲೆ ಅವಳು ಪಾಸು ಕೊಳ್ಳುತ್ತಿದ್ದದ್ದು ಆ ಗೆರೆಗಳನ್ನು ಮುಟ್ಟಿ ಬರಲಿಕ್ಕೆ.

ಪಾರ್ಕಿನವರು ಅಭಿಮಾನಿಗಳ ಮಾತನ್ನು ಅಕ್ಷರಶಃ ನಡೆಸಿಕೊಟ್ಟರು. ಅಂಗಡಿ ಮತ್ತೆ ತೆರೆದಾಗ ಕರಡಿ ಹೊಸ ಕಂದು ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು.

"ಗೆದ್ವಿ ಡೋರೀನ್! ಥೇಟ್ ಮೊದಲ ದಿನದ ಹಂಗೇ!" ಎಂದು ವೆಂಡೆಲ್ ಕುಣಿದ.

ಅವಳು ಕರಡಿಯ ನುಣುಪು ಬೆನ್ನನ್ನು ಸವರುತ್ತಲೇ ಇದ್ದಳು. ಹೌದು, ಟೆಸ್ಸಾ ಹುಟ್ಟುವ ಮೊದಲು ಅದು ಹೀಗೇ ಇತ್ತು.