ಬಲಗಡೆಯ ಎರಡು ಬಾಣ

ಜೋಗೇಶ್ವರಿಯ ಆ ಟಯರಂಗಡಿಗೆ ಬರುವ ಹತ್ತು ಜನರಲ್ಲಿ ಎಂಟು ಜನ ಬುಷರಾಳನ್ನು ಕಂಡೂ ಕಾಣದವರಂತೆ ಒಳಗೆ ಕತ್ತು ಚಾಚಿ, "ಉಸ್ತಾದ್ ಹೈ ಕ್ಯಾ?" ಎಂದು ಕೇಳುತ್ತಿದ್ದರು. ಉಸ್ತಾದ್ ಎಂದರೆ ಅವಳ ಅಪ್ಪ ಅಮೀರಸಾಬ. ಇಂಡಿ ಕಡೆಯಿಂದ ಬಂದು ಪಂಕ್ಚರ್ ಹಚ್ಚುತ್ತ ಹಚ್ಚುತ್ತ ಅಂಗಡಿ ಕಟ್ಟಿದವನು, ತೀರಿಕೊಂಡು ಮೂರು ವರ್ಷ. "ನಾನೇ ಇದ್ದೀನಿ, ಹೇಳಿ" ಎಂದು ಹಿಂದಿಯಲ್ಲಿ ದಿನಕ್ಕೆ ಎಂಟು ಸಲ ಹೇಳುವಾಗ ಎಂಟು ಸಲವೂ ಅವಳ ಮೈ ಉರಿಯುತ್ತಿತ್ತು. ಅಭ್ಯಾಸವಾಗುತ್ತದೆ ಎಂದಿದ್ದರು ಎಲ್ಲರೂ. ಆಗಿರಲಿಲ್ಲ.

ಜೂನ್ ಮೊದಲ ಸೋಮವಾರ ಬಂದ ಹಿತೇಶನೂ ಹಾಗೆಯೇ ಕತ್ತು ಚಾಚಿದವನು. ಕೆಂಪು ಸ್ಪೋರ್ಟ್ಸ್ ಕಾರು, ಮುಲುಂಡಿನಲ್ಲಿ ಹೋಟೆಲು, ಬಾಯಿ ತೆರೆದರೆ ಹಿಂದಿ, ನಡುನಡುವೆ ಇಂಗ್ಲಿಷು. ಬುಷರಾಳ ತಮ್ಮ ಆಸಿಫ ಆಗಲೇ ಅವನನ್ನು ಗುಜರಾತಿ ಎಂದು ತೀರ್ಮಾನಿಸಿ "ಹಿತೇಶಭಾಯಿ, ಹಿತೇಶಭಾಯಿ" ಎನ್ನತೊಡಗಿದ್ದ. ಹಿತೇಶ ಮೊಬೈಲಿನಲ್ಲಿ ಒಂದು ಟಯರು ತೋರಿಸಿದ. ರೇಸಿನವರು ಹಾಕುವಂಥದ್ದು, ಗೀರುಗಳು ಇದ್ದರೂ ಇಲ್ಲದಂತೆ, ಹೆಚ್ಚುಕಡಿಮೆ ಬೋಳು. ಅದೇ ಬೇಕಂತೆ.

ಬುಷರಾ ಕಾರಿನೊಳಗೆ ಇಣುಕಿದಳು. ಹೆಸರಿಗೆ ಮಾತ್ರ ಇದ್ದ ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ ಬಿಗಿದಿತ್ತು, ಅದರ ತುಂಬ ಖಾರಿ ಬಿಸ್ಕತ್ತಿನ ಪುಡಿ. ಅವಳ ಮನೆಯ ಚಾಪೆಯ ಮೇಲೂ ಅಂಥದೇ ಪುಡಿ ಇತ್ತು. ಅವಳ ಮಗಳಿಗೆ ಆಗ ಒಂದೂವರೆ ವರ್ಷ.

"ಮಳೆಗಾಲ ಬಂತು. ಇದು ಹಾಕಬೇಡಿ," ಎಂದಳು.

"ಮಳೆಗೆ ಯಾವ ಸಮ್ಮರ್ ಟಯರೂ ಆಗುವುದಿಲ್ಲವಲ್ಲ, ಹೆಸರೇ ಸಮ್ಮರ್. ಯಾವುದಾದರೇನು?" ಎಂದು ಅವನು ನಕ್ಕ. "ಉಸ್ತಾದರನ್ನು ಕರೀರಿ, ಅವರಿಗೆ ಗೊತ್ತಿರುತ್ತೆ."

ಬುಷರಾ ಅಪ್ಪನ ಪದ್ಧತಿಗೆ ಕೈಹಾಕಿದಳು. ಅಮೀರಸಾಬ ಯಾರಿಗೇ ಆಗಲಿ ನೀರು ಹೊಯ್ದು ತೋರಿಸದೆ ಟಯರು ಮಾರಿದವನಲ್ಲ. ಅವಳು ಎರಡು ಟಯರು ನಿಲ್ಲಿಸಿ ನೆತ್ತಿಯ ಮೇಲೆ ಒಂದೊಂದು ಮಗ್ಗು ನೀರು ಹೊಯ್ದಳು. ಬೋಳು ಟಯರಿನ ಮೇಲೆ ನೀರು ಹಾಳೆಯಂತೆ ಕೂತಿತು. ಇನ್ನೊಂದರ ಆಳವಾದ ಗೀರುಗಳಲ್ಲಿ ಹರಿದು ಎರಡೂ ಪಕ್ಕಕ್ಕೆ ಇಳಿದುಹೋಯಿತು. "ಎರಡೂ ಸಮ್ಮರ್ ಟಯರೇ. ಹಿಮ ಬೀಳುವ ದೇಶದವರು ಇಟ್ಟ ಹೆಸರದು. ನಮಗೆ ಹಿಮ ಇಲ್ಲ, ಹೈವೇ ಮೇಲೆ ನಿಂತ ನೀರು ಇದೆ. ನೀರಿನ ಮೇಲೆ ಕಾರು ತೇಲಿದರೆ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ. ಯಾವುದು ಬೇಕು?"

ಹಿತೇಶ ಬೂಟಿನ ಮೇಲೆ ಬಿದ್ದ ನೀರು ಒರೆಸಿಕೊಂಡ. ಎರಡನೆಯದರ ಕಡೆ ಬೆರಳು ಮಾಡಿದ. ಅವನ ಅಳತೆಯದು ಗುರುವಾರ ಬರುತ್ತದೆ ಎಂದಾಗ ಮಾತ್ರ ಮುಖ ಗಂಟಿಕ್ಕಿದ. ಬುಧವಾರ ಮಗಳನ್ನು ಲೋಣಾವಳಾಕ್ಕೆ ಕರೆದೊಯ್ಯಬೇಕಂತೆ.

"ಹಾಗಾದರೆ ರೈಲಿನಲ್ಲಿ ಹೋಗಿ," ಎಂದಳು ಬುಷರಾ.

ಬುಧವಾರ ಬೆಳಿಗ್ಗೆ ಅವಳು ಮಗಳಿಗೆ ಲಸಿಕೆ ಹಾಕಿಸಲು ಹೋಗಿದ್ದಳು. ಸೂಜಿ ಕಂಡ ಮಗು ಊರು ಒಂದಾಗುವಂತೆ ಅತ್ತು, ಕೊನೆಗೆ ಹೆಗಲ ಮೇಲೆ ನಿದ್ದೆಹೋಯಿತು. ಹಾಗೆಯೇ ಹೊತ್ತುಕೊಂಡು ಅಂಗಡಿಗೆ ಬಂದರೆ, ಜಿಟಿಜಿಟಿ ಮಳೆಯಲ್ಲಿ ಕೆಂಪು ಕಾರು ರಸ್ತೆಗೆ ಮುಖಮಾಡಿ ಹೊರಟು ನಿಂತಿದೆ. ನಾಲ್ಕೂ ಹೊಸ ಟಯರು, ರಬ್ಬರಿನ ಸಣ್ಣ ಕೂದಲು ಸಹ ಉದುರಿಲ್ಲ. ಸ್ಟೇರಿಂಗಿನ ಮುಂದೆ ಹಿತೇಶ ಗಾಜು ಅರ್ಧ ಇಳಿಸಿ ಕೂತಿದ್ದಾನೆ, ಹಿಂದಿನ ಕುರ್ಚಿಯಲ್ಲಿ ಅವನ ನಾಲ್ಕು ವರ್ಷದ ಮಗಳು ಯಕ್ಷಿತಾ ಕಾಲು ಬಡಿಯುತ್ತಿದ್ದಾಳೆ.

"ಸ್ಟಾಕ್ ಒಂದಿನ ಮೊದಲೇ ಬಂತು ಆಪಾ," ಎಂದ ಆಸಿಫ, ಅವಳ ಕಡೆ ನೋಡದೆ ಕೈ ಒರೆಸಿಕೊಳ್ಳುತ್ತ.

ಬುಷರಾ ಕಾರಿನ ಸುತ್ತ ಬಂದಳು. ಎಡಗಡೆ ಎರಡೂ ಸರಿ. ಬಲಗಡೆ ಬಂದವಳು ನಿಂತುಬಿಟ್ಟಳು. ಇಂಥ ಟಯರಿನ ಪಕ್ಕೆಯಲ್ಲಿ ಅದು ಯಾವ ಕಡೆ ಉರುಳಬೇಕೆಂದು ಹೇಳುವ ಬಾಣ ಇರುತ್ತದೆ. ಬಲಗಡೆಯ ಎರಡು ಬಾಣವೂ ಹಿಂದಕ್ಕೆ ತಿರುಗಿದ್ದವು. ಹಾಗೆ ಉಲ್ಟಾ ಉರುಳಿದರೆ ಗೀರುಗಳು ನೀರನ್ನು ಹೊರಗೆ ಎಸೆಯುವ ಬದಲು ಒಳಗೆ ಎಳೆದುಕೊಳ್ಳುತ್ತವೆ.

ಆಸಿಫ ಹತ್ತು ವರ್ಷದವನಿದ್ದಾಗಿನಿಂದ ಟಯರು ಹಾಕಿದವನು. ಕಣ್ಣು ಕಟ್ಟಿದರೂ ಬಾಣ ತಪ್ಪುವವನಲ್ಲ. ತಪ್ಪಲ್ಲವಾದರೆ ಮತ್ತೇನು? ಟಯರು ಯಾವ ವಾರ, ಯಾವ ವರ್ಷ ತಯಾರಾಯಿತೆಂಬ ನಾಲ್ಕು ಅಂಕಿ ಇವಕ್ಕೆ ಒಂದೇ ಪಕ್ಕೆಯಲ್ಲಿರುತ್ತದೆ. ನಾಲ್ಕರಲ್ಲೂ ಆ ಪಕ್ಕೆಯನ್ನು ಒಳಗೆ ಮಾಡಬೇಕೆಂದರೆ ಎರಡನ್ನು ಉಲ್ಟಾ ಹಾಕಲೇಬೇಕು.

ನಿದ್ದೆಯ ಮಗುವನ್ನು ಒಂದು ತೋಳಿಗೆ ಒತ್ತಿಕೊಂಡು ಒದ್ದೆ ನೆಲದ ಮೇಲೆ ಮೊಣಕಾಲೂರಿ, ಮೊಬೈಲಿನ ಬೆಳಕನ್ನು ಚಕ್ರದ ಒಳಬದಿಗೆ ಬಿಟ್ಟಳು. ೨೨೧೮. ಹದಿನೆಂಟನೆಯ ಇಸವಿಯ ಇಪ್ಪತ್ತೆರಡನೆಯ ವಾರ.

ಅಟ್ಟದ ಟಯರುಗಳು! ಯಾರೋ ಇಂಥದೇ ಕಾರಿಗೆಂದು ಹೇಳಿ ತರಿಸಿ, ಕಾರು ಮಾರಿ, ಒಯ್ಯದೆ ಬಿಟ್ಟವು. ಅಷ್ಟು ಬೇಸಿಗೆ ತಗಡಿನ ಮಾಡಿನ ಕೆಳಗೆ ಬೆಂದವು. "ಇವು ಮಾರೂವಲ್ಲವ್ವಾ. ನಿನಗ ಕೂಸು ಹುಟ್ಟಿದ್ರ ಜೋಕಾಲಿ ಕಟ್ಟು," ಎಂದಿದ್ದ ಅಪ್ಪ. ಅವಳು ಹೆಬ್ಬೆರಳ ಉಗುರು ಒತ್ತಿದಳು. ಹೊಸ ರಬ್ಬರು ಉಗುರಿಗೆ ಜಗ್ಗುತ್ತದೆ. ಇದು ಮರ.

"ಏನ್ ಮಾಡೀದಿ ಇದು?" ಗಿರಾಕಿಗೆ ತಿಳಿಯಬಾರದ ಮಾತನ್ನು ಅವರು ಕನ್ನಡದಲ್ಲಿಯೇ ಆಡುತ್ತಿದ್ದರು, ಅಪ್ಪನ ಕಾಲದಿಂದಲೂ. "ಅಟ್ಟದ ಮ್ಯಾಲಿನವು ಹಾಕೀಯಲ್ಲೋ ನಾಚಿಕಿಲ್ಲದವನ!"

"ಮೆತ್ತಗ ಮಾತಾಡು ಆಪಾ. ಈ ಗುಜರಾತಿಗೇನ್ ತಿಳೀತದ? ದೀಪಾವಳಿಗೆ ಬ್ಯಾರೆ ಹಾಕ್ಕೋತಾನ. ಇವತ್ತ ಬೇಕು ಅಂದ, ಕೊಟ್ಟೆ."

"ಒಳಗ ಕೂಸು ಕುಂತದ, ಕಣ್ಣಿಗೆ ಕಾಣಲಿಲ್ಲೇನು? ಘಾಟ್‌ನಾಗ ಬ್ರೇಕ್ ಹೊಡದ್ರ ಏನಾಗ್ತದ ಗೊತ್ತದಲ್ಲ ನಿನಗ? ಗೊತ್ತಿದ್ದೂ ಹಾಕೀದಿ!"

"ನೀ ಮಾಲಕಿ ಆಗೀಯಂತ ಎಲ್ಲಾ ನಿನ್ನ ಕೇಳೇ ಮಾಡಬೇಕೇನು?"

ಅಷ್ಟರಲ್ಲಿ ಹಿತೇಶ ಎಂಜಿನ್ ಶುರುಮಾಡಿದ. ಬುಷರಾ ಮುಂದಿನ ಚಕ್ರದ ವಾಲ್ವಿಗೆ ಗಾಳಿ ಬಿಡುವ ಕೀ ತೂರಿಸಿ ಒಳಗಿನ ಪಿನ್ ತಿರುವಿ ತೆಗೆದಳು. ಬುಸ್ಸೆಂದು ಗಾಳಿ ಹೊರಟಿತು. ಹಿಂದಿನದನ್ನೂ ತೆಗೆದಳು. ಕಾರು ಬಲಕ್ಕೆ ವಾಲಿತು.

ಹಿತೇಶ ಬಾಗಿಲು ತೆರೆದು ಇಳಿದ. "ಪಾಗಲ್ ಹೋ ಕ್ಯಾ?"

"ಬಾಣ ಉಲ್ಟಾ ಆಗಿದೆ. ಬಿಚ್ಚಿ ಹಾಕಬೇಕು," ಎಂದಳು ಅವಳು ಹಿಂದಿಯಲ್ಲಿ. ಅಷ್ಟೇ ಹೇಳಿದಳು. ತಮ್ಮನ ಮಾನ ಉಳಿಸಲು ನಾಲಿಗೆ ತಾನಾಗಿ ಅರ್ಧಕ್ಕೆ ನಿಂತಿತು. ಹಾಗೆ ನಿಂತದ್ದಕ್ಕೆ ತನ್ನ ಮೇಲೆಯೇ ಅವಳಿಗೆ ಕೆಂಡದಂಥ ಸಿಟ್ಟು ಬಂತು.

ಹಿತೇಶ ಕಾರಿಗೊರಗಿ ನಿಂತ. ನಿಧಾನವಾಗಿ, ಒಂದೊಂದೇ ಪದ ಹುಡುಕಿ, "ನಾನು ಗುಜರಾತಿ ಅಲ್ಲ ಮಾರಾಯ್ರೆ," ಎಂದ. "ಅಪ್ಪ ಕಾರ್ಕಳದವರು. ಕನ್ನಡ ಮಾತಾಡ್ಲಿಕ್ಕೆ ಸರಿ ಬರುದಿಲ್ಲ, ಆದ್ರೆ ಎಲ್ಲಾ ಗೊತ್ತಾಗ್ತದೆ. ಕಾರಿನೊಳಗೆ ಅರ್ಧ ಕೇಳಿ ನಿಮ್ಮ ಮನೆ ಜಗಳ ಅಂತ ಬಿಟ್ಟಿದ್ದೆ. ಟಯರ್ ಎಷ್ಟು ಹಳೇದು?"

ಆಸಿಫನ ಕೈಯಿಂದ ಬಟ್ಟೆ ಜಾರಿ ಕೆಸರಿಗೆ ಬಿತ್ತು.

"ಹದಿನೆಂಟನೇ ಇಸವೀದು," ಎಂದಳು ಬುಷರಾ. ಈ ಸಲ ನಾಲಿಗೆ ಎಲ್ಲೂ ನಿಲ್ಲಲಿಲ್ಲ. "ಅಟ್ಟದ ಮ್ಯಾಲೆ ಬಿದ್ದಿದ್ವು. ರಬ್ಬರ್ ಮರ ಆಗ್ಯದ. ತಾರೀಖು ಕಾಣಬಾರದಂತ ಇವ ಬಾಣ ತಿರುವ್ಯಾನ. ನನ್ನ ತಮ್ಮ. ನಾನೂ ಈಗ ಅರ್ಧಾನೇ ಹೇಳಿದ್ದೆ."

"ನಮ್ಮ ಹೋಟೆಲಲ್ಲಿ ನಿನ್ನೆಯ ಹಳಸಿದ ಚಟ್ನಿ ಬಡಿಸಿದವನನ್ನು ಅವತ್ತೇ ಊರಿನ ಬಸ್ಸು ಹತ್ತಿಸ್ತೇವೆ, ಗೊತ್ತುಂಟಾ?" ಹಿತೇಶ ಆಸಿಫನತ್ತ ನುಗ್ಗಿದ. "ನನ್ನ ಮಗಳು ಮಾರಾಯಾ! ಒಳಗೆ ನನ್ನ ಮಗಳು!" ಅವನ ಎದೆಗೆ ಬೆರಳು ಚುಚ್ಚಿದ.

ಗಲಾಟೆಗೆ ಬುಷರಾಳ ಮಗು ಎದ್ದು ಅಳತೊಡಗಿತು. ಅದನ್ನು ನೋಡಿ ಯಕ್ಷಿತಾಳೂ ಶುರುಮಾಡಿದಳು. ಹಿತೇಶ ಬಗ್ಗಿ ಮಗಳನ್ನು ಎತ್ತಿಕೊಂಡ, ಬೆಲ್ಟು ಬಿಚ್ಚಿ ಕುರ್ಚಿಯನ್ನೂ ಹೊರಗೆಳೆದ, ಕಾರಿನ ಕೀಯನ್ನು ಬುಷರಾಳ ಮುಂದೆ ಹಿಡಿದ.

"ನೀರು ಹೊಯ್ದು ತೋರಿಸಿದ್ರಲ್ಲ, ಅದು ನಾಳೆ ಬರ್ತದೆ. ನೀವೇ ಹಾಕಿ. ಇವ ಮುಟ್ಟಬಾರದು. ತಾರೀಖು ನಾನೇ ಓದ್ತೇನೆ."

"ಓದಿ. ಎಲ್ಲಾರೂ ಓದಬೇಕು," ಎಂದಳು.

ಕಂಕುಳಲ್ಲಿ ಕುರ್ಚಿ, ಹೆಗಲ ಮೇಲೆ ಮಗಳು, ಮಳೆಯಲ್ಲಿ ನೆನೆಯುತ್ತ ಅವನು ರಿಕ್ಷಾ ಹಿಡಿದು ಹೋದ.

ಬುಷರಾ ಮಗುವನ್ನು ಸಮಾಧಾನ ಮಾಡಿ ಒಳಗೆ ಮಲಗಿಸಿದಳು. ಹೊರಬಂದು ಕಾರನ್ನು ಜಾಕಿಗೆ ಏರಿಸಿ ನಾಲ್ಕೂ ಟಯರು ಬಿಚ್ಚಿದಳು. ಆಮೇಲೆ ಡ್ರಿಲ್ ತಂದು ಬೋರ್ಡಿಗೆ ಸಿಕ್ಕಿಸಿದಳು. ಇನ್ನೆಂದೂ ಯಾವ ಕಾರಿಗೂ ಇವು ಏರಬಾರದು. ಮೊದಲನೆಯ ಟಯರಿಗೆ ಡ್ರಿಲ್ ಒತ್ತಿದರೆ ಗಟ್ಟಿ ರಬ್ಬರಿನ ಮೇಲೆ ಮೊನೆ ಜಾರಿ ಟಯರು ಪಕ್ಕಕ್ಕೆ ಉರುಳಿತು. ಮತ್ತೆ ಒತ್ತಿದಳು. ಮತ್ತೆ ಉರುಳಿತು.

ಆಸಿಫ ಬಂದು ಎದುರು ಕೂತು ಎರಡೂ ಕೈಯಿಂದ ಟಯರು ಹಿಡಿದ. "ಆಪಾ," ಎಂದ.

ಅವಳು ಅವನ ಮುಖ ನೋಡಲಿಲ್ಲ.

"ಗಟ್ಟಿ ಹಿಡಿ," ಎಂದಳು.