ಕತ್ತಲಿಗೆ ಕೈಮುಗಿಯುವ ಗಿಡ

ಮನುಷ್ಯರೇ ಬಾಡುವ ಬಳ್ಳಾರಿಯ ಬಿಸಿಲಲ್ಲಿ ನೆರಳು ಬೇಡುವ ಗಿಡ ಸಾಕಲು ಹೊರಟ ನನ್ನನ್ನು ದೊಡ್ಡವ್ವ ಚೆನ್ನಾಗಿಯೇ ಬೈದಿದ್ದಳು. ಎಪ್ಪತ್ತರ ದಶಕದ ಮಾತು. ಕೌಲ್ ಬಜಾರಿನ ಶಾಲೆಯಲ್ಲಿ ನನ್ನ ಜೊತೆ ಪಾಠ ಹೇಳುತ್ತಿದ್ದ ಗೆಳತಿ ವರ್ಗವಾಗಿ ಹೋಗುವಾಗ ಕೊಟ್ಟ ಕುಂಡ ಅದು. ಅಗಲ ಎಲೆ, ಕಂದು ಮಚ್ಚೆ, ಕೆಂಪು ನರ. ಹೊತ್ತು ಮುಳುಗಿತೆಂದರೆ ಎಲೆಗಳು ಮೆಲ್ಲಗೆ ಎದ್ದು ಜೋಡಿಸಿದ ಕೈಯಂತೆ ನಿಲ್ಲುತ್ತಿದ್ದವು. ಗೆಳತಿ ಅದನ್ನು ಪ್ರೇಯರ್ ಪ್ಲಾಂಟ್ ಅಂದಿದ್ದಳು. ಅವ್ವನ ಬಾಯಲ್ಲಿ ಅದು ಕೈಮುಗಿಯೋ ಗಿಡವಾಯಿತು.

ನಮ್ಮ ಬಾವಿಯ ಸವಳು ನೀರಿಗೆ ಅದರ ಎಲೆತುದಿ ಸುಟ್ಟಂತಾಗುತ್ತಿತ್ತು. ಕೊನೆಗೆ ಬೈದ ದೊಡ್ಡವ್ವನೇ ಅದನ್ನು ಉಳಿಸಿದಳು. ಅವ್ವನ ಅಕ್ಕ ಅವಳು. ಸಿರುಗುಪ್ಪದಿಂದ ಬರುವಾಗಲೆಲ್ಲ ತಂಗಿಯ ಪೂಜೆಗೆಂದು ಕ್ಯಾನಿನಲ್ಲಿ ಹೊಳೆನೀರು ತುಂಬಿ ಬಸ್ಸಿಗೆ ಹಾಕಿಕೊಂಡು ಬರುತ್ತಿದ್ದಳು. ಪೂಜೆಗೆ ತೆಗೆದಿಟ್ಟು ಉಳಿದದ್ದು ಗಿಡಕ್ಕೆ. ಒಮ್ಮೆ ಕುಂಡಕ್ಕೆ ಮೂರೆಳೆ ವಿಭೂತಿಯನ್ನೂ ಹಚ್ಚಿದಳು. ನಾನು ನಕ್ಕರೆ, ನಿನಗಿಂತ ಅದಕ್ಕೇ ಭಕ್ತಿ ಹೆಚ್ಚು ಎಂದಳು.

ಮರುವರ್ಷದ ಬೇಸಿಗೆಯಲ್ಲಿ ಅವ್ವನಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ನಮ್ಮ ಮನೆಯಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಯಾರೂ ತುತ್ತು ಎತ್ತುವವರಲ್ಲ. ಹಾಸಿಗೆ ಹಿಡಿದವರಿಗೆ ಲಿಂಗವನ್ನು ಕಣ್ಣಿಗೊತ್ತಿಕೊಂಡರೆ ಸಾಕು ಎಂದು ಮಠದಿಂದ ಹೇಳಿ ಕಳಿಸಿದರು. ನನ್ನ ಕೈಯ ಆಸರೆ ಕೊಡುತ್ತೇನೆಂದು ನಾನೂ ಗೋಗರೆದೆ. ಅವ್ವ ಒಪ್ಪಲಿಲ್ಲ. ಕೊಟ್ಟ ಕೈಯನ್ನು ಶಿವನೇ ಕಿತ್ತುಕೊಂಡ ಮೇಲೆ ಅವನಿಗೆ ನನ್ನ ಪೂಜೆ ಬೇಡವಾಗಿದೆ ಎನ್ನುತ್ತಿದ್ದಳು. ಒತ್ತಾಯಕ್ಕೆ ನಾಲ್ಕು ಗುಟುಕು ಹಾಲು, ಅಷ್ಟೇ. ಕುರುಗೋಡಿನ ಪಂಡಿತರ ಎಣ್ಣೆ ತಿಕ್ಕುವಾಗ ಅವಳ ತೋಳು ದಿನದಿನಕ್ಕೆ ಸಣ್ಣಗಾಗುವುದು ನನ್ನ ಬೆರಳಿಗೇ ತಿಳಿಯುತ್ತಿತ್ತು. ನನಗೆ ಭಯವಾಗುತ್ತಿತ್ತು, ಶಿವನ ಮೇಲೆ ಸಿಟ್ಟೂ ಬರುತ್ತಿತ್ತು.

ನೋಡಲು ಏನಾದರೂ ಇರಲಿ ಎಂದು ಗಿಡವನ್ನು ಅವಳ ಕೋಣೆಯ ಕಿಟಕಿಯಲ್ಲಿಟ್ಟೆ. ಅಲ್ಲೇ ಎಡವಟ್ಟಾಯಿತು. ತಂಗಿಯ ಆರೈಕೆಗೆಂದು ಬಂದು ಉಳಿದಿದ್ದ ದೊಡ್ಡವ್ವ, ರೋಗಿಯ ಕೋಣೆಯೆಂದು ಹೊತ್ತು ಇಳಿಯುವ ಮೊದಲೇ ಟ್ಯೂಬ್‌ಲೈಟ್ ಹಾಕಿಸುತ್ತಿದ್ದಳು, ಬೆಳಗಿನವರೆಗೂ ಆರಿಸಗೊಡುತ್ತಿರಲಿಲ್ಲ. ಗಿಡ ಎಲೆ ಎತ್ತುವುದನ್ನೇ ಬಿಟ್ಟಿತು.

“ನೋಡು, ನನ್ನ ನೋಡಿ ಅದೂ ಬಿಟ್ಟೈತಿ,” ಎಂದು ಅವ್ವ ಗೋಡೆಯ ಕಡೆ ಹೊರಳಿದಳು. ಮರುದಿನ ಹಾಲೂ ಬೇಡವೆಂದಳು.

ನಾನು ಬೇರಿಗೆ ಗೊಬ್ಬರ ಕೊಟ್ಟೆ, ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಏನೂ ಆಗಲಿಲ್ಲ. ಆ ಸಂಜೆ ಕರೆಂಟು ಹೋಯಿತು. ಕಂದೀಲು ಹುಡುಕಿ ತರುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಬಂದು ನೋಡಿದರೆ ಎಲೆಗಳು ಅರ್ಧ ಎದ್ದಿದ್ದವು. ಅವ್ವ ನಿದ್ದೆಯಲ್ಲಿದ್ದಳು. ಅದಕ್ಕೆ ಬೇಕಾಗಿದ್ದದ್ದು ಕತ್ತಲು ಎಂದು ನನಗೆ ಆಗ ಹೊಳೆಯಿತು.

ಮರುಸಂಜೆ ನಾನು ಸ್ವಿಚ್ ಹಾಕಲಿಲ್ಲ. ದೊಡ್ಡವ್ವ ಬಾಗಿಲಲ್ಲೇ ನಿಂತು ಸಿಡಿದಳು. “ಮುಸ್ಸಂಜಿ ಹೊತ್ತಿನ್ಯಾಗ ಬ್ಯಾನಿ ಬಿದ್ದಾಕಿ ಕ್ವಾಣಿ ಕತ್ತಲ ಇಡತಾರೇನ? ಯಾರನ್ನ ಕರ್ಯಾಕ ಹತ್ತೀ ಮನಿಗೆ?” ಕತ್ತಲ ಮನೆಗೆ ಸಾವು ಬರುತ್ತದೆಂಬುದು ಅವಳ ನಂಬಿಕೆ. ಇವತ್ತೊಂದು ದಿನ ಎಂದು ಕೈಹಿಡಿದು ಅವಳನ್ನು ಹೊಸ್ತಿಲಲ್ಲೇ ಕೂರಿಸಿದೆ. ಅವಳು ಗೊಣಗುತ್ತ ಸೆರಗಿನಿಂದ ಮೂಗೊರೆಸಿಕೊಂಡಳು.

ಅವ್ವನನ್ನು ಕಿಟಕಿಯ ಕಡೆ ಹೊರಳಿಸಿದೆ. ಬೆಳಕು ಇಳಿದಂತೆ ಒಂದು ಎಲೆ ಎದ್ದಿತು, ಪಕ್ಕದ್ದೂ ಎದ್ದಿತು. ಕತ್ತಲಾಗುವ ಹೊತ್ತಿಗೆ ಗಿಡ ಪೂರ್ತಿ ಕೈಮುಗಿದಿತ್ತು. ಅವ್ವ ಬಹಳ ಹೊತ್ತು ನೋಡಿದಳು.

“ಅದು ಬಿಟ್ಟಿದ್ದಿಲ್ಲವ್ವಾ. ನಾವ ಅದಕ್ಕ ಹೊತ್ತು ಕೊಟ್ಟಿದ್ದಿಲ್ಲ,” ಎಂದಳು. ಆಮೇಲೆ, “ನಿನ್ನ ಕೈ ಕೊಡು.”

ಸತ್ತಂತಿದ್ದ ಅವಳ ಎಡಗೈಯ ಕೆಳಗೆ ನನ್ನ ಅಂಗೈ ಇಟ್ಟೆ. ಅದರ ಮೇಲೆ ಲಿಂಗ. ಬಲಗೈಯಿಂದ ಅವಳೇ ಹೊಳೆನೀರು ಎರೆದಳು. ಅದು ಅವಳ ಬೆರಳ ಸಂದಿಯಿಂದ ಇಳಿದು ನನ್ನ ಕೈ ತೋಯಿಸಿತು. ಅಂದು ಅವ್ವ ನುಚ್ಚು ಮಜ್ಜಿಗೆ ಉಂಡಳು.

ಮುಂದೆ ಎರಡು ವರ್ಷ ನಮ್ಮ ಸಂಜೆಗಳು ಹೀಗೇ ನಡೆದವು. ದೊಡ್ಡವ್ವ ಬಂದಾಗಲೆಲ್ಲ ಕತ್ತಲೆಗೆ ಗೊಣಗುವುದನ್ನು ಮಾತ್ರ ಬಿಡಲಿಲ್ಲ.

ಅವ್ವ ತೀರಿಕೊಂಡ ದಿನ, ನಮ್ಮ ಪದ್ಧತಿಯಂತೆ ಅವಳನ್ನು ಗೋಡೆಗೆ ಆನಿಸಿ ಕೂರಿಸಿ ಎಡ ಅಂಗೈಯಲ್ಲಿ ಲಿಂಗವಿಟ್ಟರು. ಅದು ನಿಲ್ಲದೆ ಜಾರಿತು. ಯಾರೂ ಹೇಳುವ ಮೊದಲೇ ನಾನು ಹೋಗಿ ಅವಳ ಕೈಗೆ ಕೈ ಕೊಟ್ಟು ಕುಳಿತೆ. ಎತ್ತುವವರೆಗೂ ತೆಗೆಯಲಿಲ್ಲ.

ಮಣ್ಣು ಮುಗಿಸಿ ಬಂದ ಸಂಜೆ, ಸಾವಿನ ಮನೆ ಎಂದು ಯಾರೋ ಎಲ್ಲ ಕೋಣೆಗಳ ದೀಪ ಹಾಕಿದರು. ದೊಡ್ಡವ್ವ ಗೋಡೆ ಹಿಡಿದು ಎದ್ದಳು. ಅವ್ವನ ಕೋಣೆಗೆ ಹೋಗಿ ಲೈಟು ಆರಿಸಿದಳು.

“ಆಕಿ ಪೂಜಿ ಹೊತ್ತಾತು,” ಎಂದಳು.