ದಾಸರ ಪದದ ಪುಸ್ತಕ ಮತ್ತು ನನ್ನ ಹೊಟ್ಟೆಕಿಚ್ಚು

ಬೇರೆಯವರ ಕಾರು, ಮನೆ, ಗ್ರೀನ್ ಕಾರ್ಡು ಕಂಡರೆ ನನಗೆ ಹೊಟ್ಟೆ ಉರಿಯುವುದಿಲ್ಲ. ಪುಸ್ತಕ ಕಂಡರೆ ಉರಿಯುತ್ತದೆ. ಅದರಲ್ಲೂ ಎಡ್ವಿನ್ನನ ಪುಸ್ತಕ ಕಂಡ ದಿನ ಎರಡು ಲೋಟ ಮಜ್ಜಿಗೆ ಕುಡಿದರೂ ತಣ್ಣಗಾಗಲಿಲ್ಲ.

ಎಡ್ವಿನ್ ಹ್ಯೂಸ್ಟನ್ನಿನಲ್ಲಿ ಎಂ.ಎಸ್. ಓದುತ್ತಿದ್ದ ಮಂಗಳೂರಿನವನು. ಅಲ್ಲಿನ ಹಿಲ್‌ಕ್ರಾಫ್ಟ್ ಬೀದಿಯ ಇಂಡಿಯನ್ ಅಂಗಡಿಯಲ್ಲಿ ಕುಚ್ಚಲಕ್ಕಿ ಹುಡುಕುತ್ತಿದ್ದಾಗ ಪರಿಚಯವಾದ. ಒಮ್ಮೆ ಅವನ ರೂಮಿಗೆ ಕಾಫಿಗೆ ಹೋದಾಗ ಸೂಟ್‌ಕೇಸಿನಿಂದ ತೆಗೆದು ತೋರಿಸಿದ: ಕಂಪನಿ ಸರ್ಕಾರದ ಕಾಲದ, ಕಲ್ಲಚ್ಚಿನ ದಾಸರ ಪದಗಳ ಪುಸ್ತಕ! ಅಚ್ಚು ಹಾಕಿಸಿದವರು ಜರ್ಮನ್ ಪಾದ್ರಿಗಳು. ನಮ್ಮವರು ಬಾಯಲ್ಲೂ ಓಲೆಗರಿಯಲ್ಲೂ ಇಟ್ಟುಕೊಂಡಿದ್ದ ವಿಠಲನನ್ನು ಮೊದಲು ಅಚ್ಚಿನಲ್ಲಿ ಕೂರಿಸಿದವರು ಅವರೇ. ಮತ ಬದಲಿಸಲು ಬಂದವರು ಜನರ ಭಾಷೆ ಕಲಿಯಬೇಕಿತ್ತು. ಕಲಿಯುತ್ತ ಕಲಿಯುತ್ತ ಪದಗಳ ರುಚಿ ಹತ್ತಿತೆಂದು ನನ್ನ ಊಹೆ.

ಅದೆಲ್ಲ ಸರಿ. ಆದರೆ ಅಡುಗೆಮನೆಯಲ್ಲಿ ತಲೆಮಾರುಗಟ್ಟಲೆ ಪದ ಹಾಡಿದ ನಮ್ಮ ಮನೆ ಬಿಟ್ಟು, ಭಾನುವಾರ ಚರ್ಚಿಗೆ ಹೋಗುವವನ ಮನೆಯಲ್ಲಿ ಈ ಪುಸ್ತಕ ಇರುವುದೇ? ಅವನ ಹಿರಿಯರೊಬ್ಬರು ಪಾದ್ರಿಗಳ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದರಂತೆ. ನ್ಯಾಯವೇನೋ ಅವನ ಕಡೆಗೇ ಇತ್ತು. ಹೊಟ್ಟೆಕಿಚ್ಚಿಗೆ ನ್ಯಾಯ ಯಾಕೆ ಬೇಕು ಹೇಳಿ.

ಒಂದು ವಾರಕ್ಕೆಂದು ಇಸಕೊಂಡು ದೂರದ ಲಿಯಾಂಡರ್ ಊರಿನ ನಮ್ಮ ಮನೆಗೆ ತಂದೆ. ಶನಿವಾರ ಎಡ್ವಿನ್ ಬಂದು ಒಯ್ಯುವವನಿದ್ದ. ಭಾನುವಾರ ಅವನು ಹ್ಯೂಸ್ಟನ್ನಿನ ಕನ್ನಡಿಗರ ಕೂಟದಲ್ಲಿ ಪುಸ್ತಕ ತೋರಿಸಿ ಮಾತಾಡಬೇಕಿತ್ತು. (ನನ್ನನ್ನು ಯಾರೂ ಮಾತಾಡಲು ಕರೆದಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.) ಅಷ್ಟರಲ್ಲಿ ನವರಾತ್ರಿ. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಶುಕ್ರವಾರ ಸರಸ್ವತಿ ಪೂಜೆಗೆಂದು ಮಗಳ ಗಣಿತ, ನನ್ನ ಜಾವಾ ಪ್ರೋಗ್ರಾಮಿಂಗ್ ಪುಸ್ತಕ ಎಲ್ಲ ಜೋಡಿಸಿ, ಮೇಲೆ ಇದನ್ನಿಟ್ಟು ಕುಂಕುಮ ಹಚ್ಚಿಬಿಟ್ಟರು. ಪೂಜೆಗಿಟ್ಟ ಪುಸ್ತಕವನ್ನು ದಶಮಿಯವರೆಗೆ ಮುಟ್ಟುವಂತಿಲ್ಲ. ನನಗೆ ಒಳಗೊಳಗೇ ಹಬ್ಬ.

ಮೂರು ಗಂಟೆ ಡ್ರೈವ್ ಮಾಡಿ ಬಂದವನಿಗೆ ಅತ್ತೆ ಹೇಳಿದರು, "ಇನ್ನೆರಡು ದಿನ ತಡ್ಕೋಪ್ಪ. ದೇವ್ರ ಮುಂದೆ ಇಟ್ಬಿಟ್ಟಿದೀನಿ."

"ಡ್ಯಾಡ್, ಜಸ್ಟ್ ಗಿವ್ ಇಟ್ ಟು ಹಿಮ್," ಎಂದಳು ಮಗಳು.

ನಾನು ಶಾಸ್ತ್ರಕ್ಕೆ ತಲೆಬಾಗಿದವನಂತೆ ಕೈಚೆಲ್ಲಿದೆ. ಸಂಧ್ಯಾವಂದನೆಯನ್ನು ಮದುವೆಯ ದಿನಕ್ಕೇ ಮುಗಿಸಿದವನು ನಾನು!

ಎಡ್ವಿನ್ ನಕ್ಕ. "ಪರವಾಗಿಲ್ಲ ಆಂಟಿ, ಪುಸ್ತಕ ಇಲ್ಲದೆ ಮಾತಾಡ್ತೇನೆ. ಆದ್ರೆ ರಟ್ಟನ್ನು ಸರೀ ನೋಡಿ, ಮೊದಲೇ ಒಂದು ಕುಂಕುಮ ಉಂಟು."

ಬಗ್ಗಿ ನೋಡಿದೆ. ಅತ್ತೆಯ ಕೆಂಪು ಬೊಟ್ಟಿನ ಪಕ್ಕ ಕಂದಿದ ಇನ್ನೊಂದು ಬೊಟ್ಟು. ವಾರವಿಡೀ ಅದನ್ನು ಕಾಫಿ ಕಲೆ ಎಂದುಕೊಂಡಿದ್ದೆ.

"ನಮ್ಮ ಅಜ್ಜಿಯ ಕಾಲದಲ್ಲಿ ಪಕ್ಕದ ಮನೆಯ ಭಟ್ಟರು ಪ್ರತಿ ನವರಾತ್ರಿಗೆ ಪೂಜೆಗೆ ಅಂತ ತಗೊಂಡು ಹೋಗ್ತಿದ್ರಂತೆ. ದೀಪಾವಳಿ ಬಂದ್ರೂ ವಾಪಸ್ ಇಲ್ಲ. ಅಜ್ಜಿಯೇ ಹೋಗಿ ಕೇಳ್ಬೇಕು. ಕೊಡುವಾಗ ಭಟ್ಟರ ಮುಖ ನೋಡ್ಲಿಕ್ಕೆ ಆಗ್ತಿರ್ಲಿಲ್ಲ ಅಂತ ಹೇಳಿ ಹೇಳಿ ನಗಾಡ್ತಿದ್ರು."

ಅತ್ತೆ ನನ್ನ ಮುಖ ನೋಡಿದರು. ಏನು ಕಂಡಿತೋ, ಎದ್ದರು. "ಹಾಗಾದ್ರೆ ಇದಕ್ಕೆ ಬೇಕಾದಷ್ಟು ಪೂಜೆ ಆಗಿದೆ ಬಿಡು," ಎಂದು ಅಕ್ಷತೆ ಹಾಕಿ, ವಿಸರ್ಜನೆಯ ಶಾಸ್ತ್ರಕ್ಕೆ ಪುಸ್ತಕವನ್ನು ಉತ್ತರಕ್ಕೆ ಕದಲಿಸಿ, ಎಡ್ವಿನ್ನನ ಕೈಗಿಟ್ಟರು.

ಕಾರು ತಿರುವು ದಾಟುವವರೆಗೆ ಬಾಗಿಲಲ್ಲೇ ನಿಂತಿದ್ದೆ. ಪುಸ್ತಕ ಅವನದಾದರೇನು, ಹೊಟ್ಟೆಕಿಚ್ಚಾದರೂ ನನ್ನ ಸ್ವಂತದ್ದೆಂದು ಒಂದು ಸಮಾಧಾನವಿತ್ತು. ಭಟ್ಟರ ಸುದ್ದಿ ಕೇಳಿದ ಮೇಲೆ ಅದೂ ಉಳಿಯಲಿಲ್ಲ. ನನ್ನದು ಬರೀ ಮರುಮುದ್ರಣ.